ಮೂಳೆ ಕೂಡುವ ತನಕ

ಸೊಂಟದ ಆಪರೇಷನ್ ಆಗಿ ವರ್ಷವೋ ಎರಡು ವರ್ಷವೋ ಕಳೆದ ಮೇಲೆ ನೋವು ಮರುಕಳಿಸಿ, ಎಕ್ಸ್‌ರೇ ತೆಗೆಸಿದಾಗ ಸ್ಕ್ರೂ ಸಡಿಲವಾಗಿದೆ ಅಥವಾ ರಾಡು ಮುರಿದಿದೆ ಎಂದು ಗೊತ್ತಾದರೆ, ಮನೆಯವರ ಮೊದಲ ಅನುಮಾನ ಹೋಗುವುದು ಹಾಕಿದ ಸಾಮಾನಿನ ಮೇಲೆ. ಲೋಹ ಕಳಪೆಯಾಗಿರಬೇಕು, ಇನ್ನಷ್ಟು ದುಡ್ಡು ಕೊಟ್ಟು ಇಂಪೋರ್ಟೆಡ್ ಹಾಕಿಸಬೇಕಿತ್ತು ಎನ್ನುತ್ತಾರೆ. ಎರಡನೆಯ ಅನುಮಾನ ಡಾಕ್ಟರ ಕೈಯ ಮೇಲೆ. ಎರಡೂ ಕೆಲವೊಮ್ಮೆ ನಿಜವಾಗುವುದುಂಟು, ಅಲ್ಲವೆನ್ನಲಾಗದು. ಆದರೆ ಬೆನ್ನುಮೂಳೆಗೆ ಲೋಹ ಬಿಗಿಯುವ ವಿದ್ಯೆಗೆ ನೂರು ವರ್ಷ ಮೀರಿದ ಚರಿತ್ರೆಯಿದೆ. ಆ ಚರಿತ್ರೆ ಹೇಳುವುದು ಬೇರೆಯೇ ಮಾತು. ಹೆಚ್ಚಿನ ಸಲ ಲೋಹ ಸೋಲುವುದು ಮೂಳೆ ಕೂಡದೆ ಉಳಿದಾಗ. ಮೂಳೆ ಕೂಡೀತೇ ಇಲ್ಲವೇ ಎಂಬುದರ ದೊಡ್ಡ ಪಾಲು ರೋಗಿಯನ್ನು ಥಿಯೇಟರಿಗೆ ಒಯ್ಯುವ ಮೊದಲೇ ತೀರ್ಮಾನವಾಗಿರುತ್ತದೆ: ಅವರ ಮೂಳೆಯ ಗಟ್ಟಿತನದಲ್ಲಿ, ರಕ್ತದಲ್ಲಿರುವ ಸಕ್ಕರೆಯಲ್ಲಿ, ಬೀಡಿ ಹೊಗೆಸೊಪ್ಪಿನ ಚಟದಲ್ಲಿ, ಎಷ್ಟು ಮೂಳೆಗಳನ್ನು ಜೋಡಿಸಲು ಹೊರಟಿದ್ದಾರೆ ಎಂಬುದರಲ್ಲಿ, ಈ ಆಪರೇಷನ್ ಅವರಿಗೆ ಬೇಕಿತ್ತೇ ಎಂಬ ಪ್ರಶ್ನೆಯಲ್ಲಿ. ಪ್ರತಿ ತಲೆಮಾರಿನ ವೈದ್ಯರೂ ಇದನ್ನು ಹೊಸದಾಗಿ ಕಲಿಯಬೇಕಾಗಿ ಬಂದದ್ದು, ಮತ್ತು ಆ ಕಲಿಕೆಯ ಬೆಲೆಯನ್ನು ರೋಗಿಗಳು ತೆತ್ತದ್ದು ಈ ಚರಿತ್ರೆಯ ದುಃಖದ ಭಾಗ.

ಫ್ಯೂಷನ್ ಎಂಬ ಆಪರೇಷನ್ನಿನ ಉದ್ದೇಶ ಸರಳ. ಅಕ್ಕಪಕ್ಕದ ಎರಡು ಅಥವಾ ಹೆಚ್ಚು ಬೆನ್ನುಮೂಳೆಗಳ ನಡುವಿನ ಚಲನೆಯನ್ನು ನಿಲ್ಲಿಸಿ, ಅವು ಒಂದೇ ಮೂಳೆಯಾಗಿ ಬೆಳೆಯುವಂತೆ ಮಾಡುವುದು. ಇದಕ್ಕಾಗಿ ಮೂಳೆಗಳ ಮೇಲ್ಪದರವನ್ನು ರಕ್ತ ಜಿನುಗುವಷ್ಟು ಕೆರೆದು, ರೋಗಿಯದೇ ಸೊಂಟದೆಲುಬಿನಿಂದಲೋ ಆಪರೇಷನ್ ಮಾಡಿದ ಜಾಗದಿಂದಲೋ ತೆಗೆದ ಮೂಳೆಯ ಚೂರುಗಳನ್ನು ಅಲ್ಲಿ ಹರಡುತ್ತಾರೆ. ಆ ಚೂರುಗಳೊಳಗೆ ಹೊಸ ರಕ್ತನಾಳಗಳು ನುಗ್ಗಿ, ಹೊಸ ಮೂಳೆ ಹುಟ್ಟಿ, ಗಟ್ಟಿಯಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಸ್ಕ್ರೂ ರಾಡುಗಳ ಕೆಲಸ ಅಲ್ಲಿಯವರೆಗೆ ಮಾತ್ರ. ತಾರಸಿ ಹಾಕುವಾಗ ಕೆಳಗೆ ನಿಲ್ಲಿಸುವ ಸೆಂಟ್ರಿಂಗ್ ಕಾಂಕ್ರೀಟು ಗಟ್ಟಿಯಾಗುವ ತನಕ ಭಾರ ಹೊರುತ್ತದೆಯೇ ಹೊರತು ಮನೆ ಇರುವಷ್ಟು ಕಾಲ ಹೊರುವುದಿಲ್ಲ, ಇದೂ ಹಾಗೆಯೇ. ವ್ಯತ್ಯಾಸವಿಷ್ಟೇ, ಬೆನ್ನಿನೊಳಗಿನ ಆಸರೆಯನ್ನು ಸಾಮಾನ್ಯವಾಗಿ ಬಿಚ್ಚಿ ತೆಗೆಯುವುದಿಲ್ಲ. ಮೂಳೆ ಕೂಡಿದರೆ ಅದು ಕೆಲಸವಿಲ್ಲದೆ ಸುಮ್ಮನೆ ಒಳಗಿರುತ್ತದೆ. ಕೂಡದಿದ್ದರೆ ದಿನವೂ ಬಾಗಿ ಎದ್ದು ಕೂತು ನಡೆಯುವ ದೇಹದ ಭಾರವನ್ನೆಲ್ಲ ಅದೇ ಹೊರಬೇಕಾಗುತ್ತದೆ. ಎಂಥ ಲೋಹವಾದರೂ ಒಂದಲ್ಲ ಒಂದು ದಿನ ದಣಿದು ಬಿರುಕು ಬಿಡುತ್ತದೆ, ಇಲ್ಲವೇ ಅದನ್ನು ಹಿಡಿದ ಮೂಳೆಯೇ ಸವೆದು ಹಿಡಿತ ಬಿಡುತ್ತದೆ.

ಈ ಆಪರೇಷನ್ ಹುಟ್ಟಿದ್ದು ಸೊಂಟನೋವಿಗಾಗಿ ಅಲ್ಲ, ಕ್ಷಯಕ್ಕಾಗಿ. ಬೆನ್ನುಮೂಳೆಯ ಕ್ಷಯ ಮಕ್ಕಳನ್ನು ಗೂನಾಗಿಸಿ, ಕಾಲಿನ ಬಲ ಕಸಿದುಕೊಳ್ಳುತ್ತಿದ್ದ ಕಾಲವದು, ಔಷಧಿ ಇರಲಿಲ್ಲ. 1911ರಲ್ಲಿ ನ್ಯೂಯಾರ್ಕಿನ ಇಬ್ಬರು ವೈದ್ಯರು ಬೇರೆಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದರು: ಕೊಳೆಯುತ್ತಿರುವ ಭಾಗದ ಹಿಂದೆ ಮೂಳೆಗಳನ್ನು ಬೆಸೆದುಬಿಟ್ಟರೆ ಬೆನ್ನು ಕುಸಿಯುವುದು ನಿಲ್ಲುತ್ತದೆ. ರಸೆಲ್ ಹಿಬ್ಸ್ ಬೆನ್ನುಮೂಳೆಯ ಹಿಂಭಾಗದಿಂದಲೇ ಮೂಳೆಯ ಚಕ್ಕೆಗಳನ್ನು ಎಬ್ಬಿಸಿ ಒಂದರ ಮೇಲೊಂದು ಬಗ್ಗಿಸಿದರು. ಫ್ರೆಡ್ ಆಲ್ಬೀ ಮೊಣಕಾಲಿನ ಕೆಳಗಿನ ಮೂಳೆಯಿಂದ ಪಟ್ಟಿಯೊಂದನ್ನು ಕತ್ತರಿಸಿ, ಬೆನ್ನಿನ ಮುಳ್ಳುಗಳನ್ನು ಸೀಳಿ ನಡುವೆ ಕೂರಿಸಿದರು. ಇಬ್ಬರೂ ನೆಚ್ಚಿದ್ದು ಮೂಳೆಯನ್ನು. ಲೋಹ ಬಳಸುವ ಯೋಚನೆ ಆಗಲೇ ಇತ್ತು: 1891ರಲ್ಲೇ ಟೆಕ್ಸಾಸಿನ ಬರ್ಟ್‌ಹೋಲ್ಡ್ ಹಾಡ್ರಾ ಕುತ್ತಿಗೆಯ ಮುರಿದ ಮೂಳೆಗಳನ್ನು ತಂತಿಯಿಂದ ಕಟ್ಟಿದ್ದರು, ಮ್ಯೂನಿಕ್‌ನ ಫ್ರಿಟ್ಸ್ ಲಾಂಗೆ ಉಕ್ಕಿನ ಸರಳುಗಳನ್ನು ಬೆನ್ನಿನ ಮುಳ್ಳುಗಳಿಗೆ ಬಿಗಿಯುವ ಪ್ರಯೋಗ ಮಾಡಿದ್ದರು. ಆದರೆ ಅಂದಿನ ಲೋಹಗಳನ್ನು ದೇಹ ಸಹಿಸುತ್ತಿರಲಿಲ್ಲ, ಕಟ್ಟಿದ್ದು ಉಳಿಯುತ್ತಿರಲಿಲ್ಲ. ಹಾಗಾಗಿ ಹಿಬ್ಸ್ ಮತ್ತು ಆಲ್ಬೀ ಅವರ ರೋಗಿಗಳಿಗೆ ಆಸರೆಯಾಗಿದ್ದದ್ದು ದೇಹದ ಹೊರಗಿನ ಪ್ಲಾಸ್ಟರು ಮತ್ತು ತಿಂಗಳುಗಟ್ಟಲೆ ಹಾಸಿಗೆ.

ಆ ಕಾಲದಲ್ಲಿ ಸೋಲು ಕಣ್ಣಿಗೆ ಬೀಳುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಒಳಗೆ ಲೋಹವೇ ಇಲ್ಲದಿದ್ದರೆ ಮುರಿಯುವುದೇನು? ಮೂಳೆ ಕೂಡದೆ ಉಳಿದದ್ದು ನಿಧಾನವಾಗಿ ಬೆನ್ನು ಮತ್ತೆ ಬಾಗುವುದರಲ್ಲೋ ಆರದ ನೋವಿನಲ್ಲೋ ತಿಳಿಯುತ್ತಿತ್ತು. ಅಮೆರಿಕದ ಮೂಳೆ ವೈದ್ಯರ ಸಂಘ 1941ರಲ್ಲಿ ಬೆನ್ನು ಓರೆಯಾದ 425 ರೋಗಿಗಳ ಕಥೆಯನ್ನು ಒಟ್ಟುಗೂಡಿಸಿ ನೋಡಿದಾಗ, ಆಪರೇಷನ್ ಆದವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನರಿಗೆ ಮೂಳೆ ಸರಿಯಾಗಿ ಕೂಡಿರಲಿಲ್ಲ. ಅಂದರೆ ಇಂದು ಇಂಪ್ಲಾಂಟಿನ ತೊಂದರೆ ಎಂದು ಕರೆಯುವ ಸಂಗತಿಯ ಬೇರು ಇಂಪ್ಲಾಂಟು ಬರುವುದಕ್ಕಿಂತ ಹಳೆಯದು.

ಕ್ಷಯದ ಕಥೆ ಮುಂದೆ ಬೇರೆ ದಾರಿ ಹಿಡಿಯಿತು. ಅದರಲ್ಲಿ ಭಾರತದ ಪಾತ್ರ ದೊಡ್ಡದು. ಸ್ಟ್ರೆಪ್ಟೊಮೈಸಿನ್ ಮತ್ತು ನಂತರದ ಔಷಧಿಗಳು ಬಂದ ಮೇಲೂ, ಹಾಂಗ್‌ಕಾಂಗಿನ ಹಾಡ್ಜ್‌ಸನ್ ಮತ್ತು ಸ್ಟಾಕ್ 1956ರಲ್ಲಿ ಮುಂಭಾಗದಿಂದ ಕೊಳೆತ ಮೂಳೆಯನ್ನೆಲ್ಲ ತೆಗೆದು ಬೆಸೆಯುವ ದೊಡ್ಡ ಆಪರೇಷನ್ ತೋರಿಸಿಕೊಟ್ಟಿದ್ದರು. ಎಲ್ಲರಿಗೂ ಹಾಗೆ ಮಾಡಬೇಕೇ? ವಾರಾಣಸಿಯಲ್ಲಿ ಎಸ್. ಎಂ. ತುಳಿ ಅದನ್ನು ಪ್ರಶ್ನಿಸಿ, ಮೊದಲು ಔಷಧಿ, ಕಾಲಿನ ಬಲ ಕುಂದಿದರೆ ಅಥವಾ ಔಷಧಿಗೆ ಬಗ್ಗದಿದ್ದರೆ ಮಾತ್ರ ಆಪರೇಷನ್ ಎಂಬ ಮಧ್ಯಮ ಮಾರ್ಗವನ್ನು ಅನುಸರಿಸಿ 1975ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಹುಪಾಲು ರೋಗಿಗಳು ಆಪರೇಷನ್ ಇಲ್ಲದೆ ಗುಣವಾದರು. ಯಾವ ರೋಗಕ್ಕಾಗಿ ಫ್ಯೂಷನ್ ಹುಟ್ಟಿತೋ ಆ ರೋಗದಲ್ಲಿ ಅದರ ಅಗತ್ಯ ಹೀಗೆ ಕುಗ್ಗಿತು. ಇಷ್ಟರೊಳಗೆ ಆ ಆಪರೇಷನ್ ಬೇರೆ ರೋಗಗಳನ್ನು ಹುಡುಕಿಕೊಂಡಿತ್ತು. 1934ರಲ್ಲಿ ಮಿಕ್ಸ್ಟರ್ ಮತ್ತು ಬಾರ್ ಜಾರಿದ ಡಿಸ್ಕೇ ಕಾಲುನೋವಿಗೆ ಕಾರಣ ಎಂದು ತೋರಿಸಿದ ಮೇಲೆ ಸೊಂಟ ಶಸ್ತ್ರಚಿಕಿತ್ಸೆಯ ದೊಡ್ಡ ಕ್ಷೇತ್ರವಾಯಿತು. ಮಕ್ಕಳ ಕ್ಷಯದ ಬೆನ್ನಿನಿಂದ ನಡುವಯಸ್ಸು ದಾಟಿದವರ ಸವೆದ ಸೊಂಟಕ್ಕೆ ಈ ವಿದ್ಯೆ ದಾಟಿಕೊಂಡಿತು. ಇಂದಿನ ತೊಂದರೆಗಳ ಅರ್ಧ ಕಥೆ ಈ ದಾಟುವಿಕೆಯಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಬೆಳೆಯುವ ಮಗುವಿನ ಮೂಳೆ ತಾನಾಗಿ ಕೂಡಲು ತವಕಿಸುತ್ತದೆ. ಅರವತ್ತೈದರ ಹೆಂಗಸಿನ ಮೂಳೆಗೆ ಆ ತವಕ ಇರುವುದಿಲ್ಲ.

ಲೋಹ ಗಂಭೀರವಾಗಿ ಒಳಬಂದದ್ದು ರೋಗಿಯನ್ನು ಹಾಸಿಗೆಯಿಂದ ಬೇಗ ಎಬ್ಬಿಸುವ ಆಸೆಯಿಂದ. 1944ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಡಾನ್ ಕಿಂಗ್ ಸೊಂಟದ ಮೂಳೆಗಳ ಹಿಂದಿನ ಸಣ್ಣ ಕೀಲುಗಳಿಗೆ ಅಡ್ಡಲಾಗಿ ಪುಟ್ಟ ಸ್ಕ್ರೂ ಹಾಕಿದ್ದನ್ನು ವರದಿ ಮಾಡಿದರು. ಅವರ ಕೈಯಲ್ಲಿ ಬಂದ ಒಳ್ಳೆಯ ಫಲ ಬೇರೆಯವರ ಕೈಯಲ್ಲಿ ಬರಲಿಲ್ಲ. ನಿಜವಾದ ತಿರುವು ಬಂದದ್ದು ಹ್ಯೂಸ್ಟನ್ನಿನ ಪಾಲ್ ಹ್ಯಾರಿಂಗ್ಟನ್ ಅವರಿಂದ. ಪೋಲಿಯೊ ಹಾವಳಿಯಲ್ಲಿ ಸ್ನಾಯುಗಳ ಬಲ ಕಳೆದುಕೊಂಡು, ಬೆನ್ನು ತಿರುಚಿ, ಉಸಿರಾಡಲೂ ಕಷ್ಟಪಡುವ ಮಕ್ಕಳು ಅವರ ಮುಂದಿದ್ದರು. ಇಂಥ ಮಕ್ಕಳಿಗೆ ಎದೆ ಬಿಗಿಯುವ ಪ್ಲಾಸ್ಟರು ಹಾಕುವಂತಿರಲಿಲ್ಲ. ಹ್ಯಾರಿಂಗ್ಟನ್ ಉಕ್ಕಿನ ರಾಡು ಮತ್ತು ಕೊಕ್ಕೆಗಳನ್ನು ರೂಪಿಸಿ, ಬೆನ್ನನ್ನು ಒಳಗಿನಿಂದಲೇ ಎಳೆದು ನೆಟ್ಟಗೆ ಮಾಡಿದರು. ಮೊದಲ ರೋಗಿಗಳಲ್ಲಿ ಅವರು ಮೂಳೆ ಬೆಸೆಯಲಿಲ್ಲ. ಲೋಹವೇ ಸಾಕು ಎಂದುಕೊಂಡಿದ್ದರು. ತಿಂಗಳುಗಳು ಕಳೆಯುತ್ತಿದ್ದಂತೆ ಕೊಕ್ಕೆಗಳು ಕಳಚಿದವು, ರಾಡುಗಳು ಮುರಿದವು, ನೆಟ್ಟಗಾದ ಬೆನ್ನು ಮತ್ತೆ ಬಾಗಿತು. ಆ ಸೋಲಿನಿಂದ ಅವರು ಕಲಿತ ಪಾಠವನ್ನು ಬೆನ್ನುಮೂಳೆ ವೈದ್ಯರು ಇಂದಿಗೂ ಅವರ ಹೆಸರಿನಲ್ಲೇ ನೆನೆಯುತ್ತಾರೆ: ಲೋಹ ಮುರಿಯುವುದಕ್ಕೂ ಮೂಳೆ ಕೂಡುವುದಕ್ಕೂ ನಡುವೆ ಓಟದ ಪಂದ್ಯವಿದೆ, ಮೂಳೆ ಮೊದಲು ಗೆಲ್ಲಬೇಕು. 1962ರಲ್ಲಿ ತಮ್ಮ ಅನುಭವ ಪ್ರಕಟಿಸುವ ಹೊತ್ತಿಗೆ ಅವರ ವಿಧಾನದಲ್ಲಿ ರಾಡಿನ ಜೊತೆ ಮೂಳೆ ಬೆಸುಗೆ ಕಡ್ಡಾಯವಾಗಿತ್ತು.

ಆ ರಾಡು ಮುರಿಯುತ್ತಿದ್ದ ಜಾಗವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಅದರ ಒಂದು ತುದಿಯಲ್ಲಿ ಕೊಕ್ಕೆಯನ್ನು ಒಂದೊಂದೇ ಹಂತ ಮೇಲೇರಿಸಿ ನಿಲ್ಲಿಸಲು ಹಲ್ಲುಗಳನ್ನು ಕೊರೆದಿದ್ದರು. ನಯವಾದ ಸರಳು ಮುಗಿದು ಹಲ್ಲು ಶುರುವಾಗುವ ಗಂಟಿನಲ್ಲಿ ದಪ್ಪ ಏಕಾಏಕಿ ಇಳಿಯುತ್ತದೆ. ಮುರಿದ ರಾಡುಗಳಲ್ಲಿ ಹೆಚ್ಚಿನವು ಅಲ್ಲಿಯೇ, ಮೊದಲ ಹಲ್ಲಿನ ಬುಡದಲ್ಲಿಯೇ ತುಂಡಾಗುತ್ತಿದ್ದವು. ಲೋಹ ಒಮ್ಮೆಲೇ ಬಿದ್ದ ಭಾರಕ್ಕೆ ಮುರಿಯುತ್ತಿರಲಿಲ್ಲ. ಚಿಕ್ಕ ಬಾಗು ಲಕ್ಷಾಂತರ ಸಲ ಮರುಕಳಿಸಿ, ಅತಿ ದುರ್ಬಲ ಜಾಗದಲ್ಲಿ ಕೂದಲೆಳೆಯ ಬಿರುಕು ಹುಟ್ಟಿ, ಅದು ಆಳಕ್ಕಿಳಿಯುತ್ತಿತ್ತು. ಇಂದಿನ ಟೈಟೇನಿಯಂ ರಾಡಿಗೆ ಹಲ್ಲುಗಳಿಲ್ಲ. ಆದರೆ ಸೊಂಟದ ಬಾಗಿಗೆ ಹೊಂದುವಂತೆ ಥಿಯೇಟರಿನಲ್ಲೇ ಇಕ್ಕಳದಂಥ ಉಪಕರಣದಿಂದ ಅದನ್ನು ಬಗ್ಗಿಸುತ್ತಾರೆ. ಆಗ ಲೋಹದ ಮೇಲೆ ಸಣ್ಣ ಒತ್ತುಗುರುತು ಬೀಳುತ್ತದೆ. ಟೈಟೇನಿಯಂ ಇಂಥ ಗೀರುಗಳ ವಿಷಯದಲ್ಲಿ ಉಕ್ಕಿಗಿಂತ ಸೂಕ್ಷ್ಮ. ಬಗ್ಗಿಸಿದ್ದನ್ನು ಮತ್ತೆ ಹಿಂದಕ್ಕೆ ಬಗ್ಗಿಸಿದರೆ ಅದರ ಆಯಸ್ಸು ಇನ್ನೂ ಕಡಿಮೆಯಾಗುತ್ತದೆ. ಹೊಸ ಇಂಪ್ಲಾಂಟುಗಳನ್ನು ಪ್ರಯೋಗಾಲಯದಲ್ಲಿ ಪ್ಲಾಸ್ಟಿಕ್ ಗಟ್ಟಿಗಳಿಗೆ ಜೋಡಿಸಿ, ಮೂಳೆ ಕೂಡಲೇ ಇಲ್ಲ ಎಂಬ ಸ್ಥಿತಿಯನ್ನು ಊಹಿಸಿ, 50 ಲಕ್ಷ ಸಲ ಬಾಗಿಸಿ ಪರೀಕ್ಷಿಸುವುದು ರೂಢಿ. ಮೂಳೆ ಕೂಡದ ದೇಹದಲ್ಲಿ ಬಾಗುಗಳ ಎಣಿಕೆ ಅಲ್ಲಿಗೆ ನಿಲ್ಲುವುದಿಲ್ಲ.

ಹ್ಯಾರಿಂಗ್ಟನ್ ರಾಡು ಇನ್ನೊಂದು ಹಾನಿಯನ್ನೂ ಬೆಳಕಿಗೆ ತಂದಿತು. ಸೊಂಟಕ್ಕೆ ಸಹಜವಾಗಿ ಒಳಮುಖದ ಬಾಗು ಇದೆ. ರಾಡು ಎಳೆದು ನೆಟ್ಟಗೆ ಮಾಡುವ ಭರದಲ್ಲಿ ಆ ಬಾಗನ್ನು ಅಳಿಸುತ್ತಿತ್ತು. ಮೂಳೆ ಚೆನ್ನಾಗಿ ಕೂಡಿದ ರೋಗಿಗಳೂ ವರ್ಷಗಳ ಮೇಲೆ ನೆಟ್ಟಗೆ ನಿಲ್ಲಲಾರದೆ, ಮುಂದಕ್ಕೆ ವಾಲಿ, ಮೊಣಕಾಲು ಮಡಿಸಿ ನಡೆಯತೊಡಗಿದರು. 1970ರ ದಶಕದಲ್ಲಿ ಇದನ್ನು ಚಪ್ಪಟೆ ಬೆನ್ನಿನ ತೊಂದರೆ ಎಂದು ಗುರುತಿಸಿದರು. ಅದೇ ದಶಕದಲ್ಲಿ ಮೆಕ್ಸಿಕೊ ನಗರದ ಎಡ್ವಾರ್ಡೊ ಲೂಕೆ ಪ್ರತಿ ಮೂಳೆಯನ್ನೂ ತಂತಿಯಿಂದ ರಾಡಿಗೆ ಕಟ್ಟಿ, ಬಡ ರೋಗಿಗಳನ್ನು ಪ್ಲಾಸ್ಟರಿನ ಸೆರೆಯಿಂದ ಬಿಡಿಸಿದರು. ಪ್ಯಾರಿಸ್ಸಿನಲ್ಲಿ ರೇಮಂಡ್ ರುವಾ-ಕಮೀ 1963ರಲ್ಲೇ ಬೆನ್ನುಮೂಳೆಯ ಹಿಂಭಾಗದಿಂದ ಮುಂಭಾಗಕ್ಕೆ ಸೇರುವ ಗಿಡ್ಡ ಕಂಬದೊಳಗೆ, ಅಂದರೆ ಪೆಡಿಕಲ್ಲಿನೊಳಗೆ, ಸ್ಕ್ರೂ ಇಳಿಸಿ, 1970ರಲ್ಲಿ ಅದನ್ನು ವರದಿ ಮಾಡಿದ್ದರು. ಕೆನಡಾದ ಬುಷೆ 1959ರಲ್ಲೇ ಅಂಥದ್ದನ್ನು ಬರೆದಿದ್ದರು. ಈ ಸ್ಕ್ರೂ ಮೂಳೆಯನ್ನು ಮೂರು ದಿಕ್ಕಿನಲ್ಲೂ ಹಿಡಿಯುತ್ತದೆ. ಸ್ವಲ್ಪ ಒಳಕ್ಕೆ ಸರಿದರೆ ಪಕ್ಕದಲ್ಲೇ ನರ, ಹೊರಕ್ಕೆ ಸರಿದರೆ ಹಿಡಿತ ಕಡಿಮೆ, ಮುಂದಕ್ಕೆ ಹೋದರೆ ದೊಡ್ಡ ರಕ್ತನಾಳಗಳು. ಇಷ್ಟು ಇಕ್ಕಟ್ಟಿನ ದಾರಿಯಾದರೂ ಅದರ ಬಲದ ಮುಂದೆ ಕೊಕ್ಕೆ ತಂತಿಗಳು ನಿಲ್ಲಲಿಲ್ಲ. 1980ರ ದಶಕದಲ್ಲಿ ಅಮೆರಿಕದ ಆರ್ಥರ್ ಸ್ಟೆಫಿ ಮುಂತಾದವರ ಕೈಯಲ್ಲಿ ಅದು ಸೊಂಟದ ಫ್ಯೂಷನ್ನಿನ ಮುಖ್ಯ ಆಯುಧವಾಯಿತು.

ಲೋಹದ ಮೇಲಿನ ಅನುಮಾನ ಅತಿ ದೊಡ್ಡ ಸ್ವರೂಪ ಪಡೆದದ್ದು ಆಗಲೇ. ಈ ಸ್ಕ್ರೂಗಳಿಗೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯಿಂದ ಪೆಡಿಕಲ್ಲಿನಲ್ಲಿ ಬಳಸಲು ಒಪ್ಪಿಗೆ ಇರಲಿಲ್ಲ. ಬೇರೆ ಮೂಳೆಗಳ ಬಳಕೆಗೆ ಸಿಕ್ಕ ಒಪ್ಪಿಗೆಯಡಿ ಮಾರಾಟವಾಗುತ್ತಿದ್ದವು. 1993ರ ಕೊನೆಯಲ್ಲಿ ಟೆಲಿವಿಷನ್ ಕಾರ್ಯಕ್ರಮವೊಂದು ನೊಂದ ರೋಗಿಗಳ ಕಥೆಯನ್ನು ತೋರಿಸಿದ ಮೇಲೆ ಸಾವಿರಾರು ದಾವೆಗಳು ಹೂಡಲ್ಪಟ್ಟವು. ಸ್ಟೆಫಿ ಸ್ಥಾಪಿಸಿದ್ದ ಅಕ್ರೋಮೆಡ್ ಕಂಪನಿ 10 ಕೋಟಿ ಡಾಲರ್‌ಗಳ ರಾಜಿಗೆ ಒಪ್ಪಿತು. ಒಂದು ಎಳೆ 2001ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ರೋಗಿಗಳ ಸಿಟ್ಟು ನ್ಯಾಯವಾದದ್ದೇ. ತಮ್ಮ ಬೆನ್ನಿಗೆ ಹಾಕಿದ್ದು ಆ ಕೆಲಸಕ್ಕೆ ಒಪ್ಪಿಗೆ ಪಡೆದ ಸಾಧನವಲ್ಲ ಎಂಬುದನ್ನು ಬಹಳ ಜನಕ್ಕೆ ಯಾರೂ ಹೇಳಿರಲಿಲ್ಲ. ಆದರೆ ಆ ದಾವೆಗಳ ನಡುವೆ ಸ್ಕ್ರೂ ಕೆಟ್ಟದ್ದೇ ಒಳ್ಳೆಯದೇ ಎಂಬ ಒಂದೇ ಪ್ರಶ್ನೆ ಉಳಿದು, ಯಾರ ಬೆನ್ನಿಗೆ, ಯಾಕಾಗಿ, ಯಾವ ಮೂಳೆಗೆ ಎಂಬ ಪ್ರಶ್ನೆಗಳು ಹಿಂದೆ ಸರಿದವು.

ಲೋಹದ ಪರವಾದ ಸಾಕ್ಷ್ಯವೂ ಅದೇ ಗಲಾಟೆಯಿಂದ ಹುಟ್ಟಿತು. 1994ರಲ್ಲಿ ಪ್ರಕಟವಾದ 3,498 ರೋಗಿಗಳ ಅಧ್ಯಯನದಲ್ಲಿ, ಸವೆತದಿಂದ ಬೆನ್ನುಮೂಳೆ ಮುಂದೆ ಜಾರಿದವರ ಪೈಕಿ ಪೆಡಿಕಲ್ ಸ್ಕ್ರೂ ಹಾಕಿದವರಲ್ಲಿ ಸುಮಾರು 89 ಶೇಕಡ ಜನರಿಗೆ ಮೂಳೆ ಕೂಡಿತ್ತು, ಹಾಕದವರಲ್ಲಿ ಸುಮಾರು 70 ಶೇಕಡ ಜನರಿಗೆ. 1998ರಲ್ಲಿ ಆ ಇಲಾಖೆ ಸ್ಕ್ರೂಗಳಿಗೆ ಒಪ್ಪಿಗೆಯ ದಾರಿ ತೆರೆಯಿತು. ಹಾಗಾದರೆ ಬಲವಾದ ಲೋಹವೇ ಉತ್ತರವಲ್ಲವೇ ಎಂದು ಕೇಳಬಹುದು. ಈ ಆಕ್ಷೇಪಣೆಗೆ ತೂಕವಿದೆ, ಸ್ಕ್ರೂ ಮೂಳೆ ಕೂಡುವುದಕ್ಕೆ ನೆರವಾಗುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ 1997ರ ಎರಡು ಅಧ್ಯಯನಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಅಮೆರಿಕದಲ್ಲಿ ಫಿಶ್‌ಗ್ರಂಡ್ ಮತ್ತು ಸಂಗಡಿಗರು ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದಾಗ, ಸ್ಕ್ರೂ ಹಾಕಿದವರಲ್ಲಿ 82 ಶೇಕಡ, ಹಾಕದವರಲ್ಲಿ 45 ಶೇಕಡ ಜನರಿಗೆ ಮೂಳೆ ಕೂಡಿತ್ತು. ಆದರೂ ಎರಡು ವರ್ಷದ ಹೊತ್ತಿಗೆ ನೋವಿನಲ್ಲಿ, ಓಡಾಟದಲ್ಲಿ ಎರಡು ಗುಂಪಿಗೂ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಡೆನ್ಮಾರ್ಕಿನ ಥಾಮ್ಸೆನ್ ಅವರ 130 ರೋಗಿಗಳ ಅಧ್ಯಯನದಲ್ಲೂ ಅದೇ ಕಂಡಿತು, ಸ್ಕ್ರೂ ಹಾಕಿದವರಲ್ಲಿ ಆಪರೇಷನ್ನಿನ ಸಮಯವೂ ರಕ್ತಸ್ರಾವವೂ ಹೆಚ್ಚು. ಮೂಳೆ ಕೂಡುವುದು ಮುಖ್ಯವೇ ಅಲ್ಲ ಎಂದು ಇದರಿಂದ ಹೇಳಲಾಗದು: ಸ್ಕ್ರೂ ಹಾಕದ ರೋಗಿಗಳನ್ನು 2004ರ ವರದಿಯವರೆಗೆ ವರ್ಷಗಟ್ಟಲೆ ಹಿಂಬಾಲಿಸಿದಾಗ, ಮೂಳೆ ಗಟ್ಟಿಯಾಗಿ ಕೂಡಿದವರಲ್ಲಿ 86 ಶೇಕಡ, ಕೂಡದವರಲ್ಲಿ 56 ಶೇಕಡ ಜನ ಚೆನ್ನಾಗಿದ್ದರು. ದೀರ್ಘಕಾಲದಲ್ಲಿ ಲೆಕ್ಕಕ್ಕೆ ಬರುವುದು ಕೂಡಿದ ಮೂಳೆ. ಸ್ಕ್ರೂ ಅದಕ್ಕೆ ಸಹಾಯಕ.

ಹಾಗಿದ್ದರೆ ಮೂಳೆಯನ್ನು ಕೂಡಗೊಡದವು ಯಾವುವು? ಮೊದಲನೆಯದು ಮೂಳೆಯೊಳಗಿನ ಟೊಳ್ಳು. ಸ್ಕ್ರೂವಿನ ಎಳೆಗಳು ಕಚ್ಚುವುದು ಮೂಳೆಯ ಒಳಗಿನ ಜಾಲರಿಯನ್ನು. ಆಸ್ಟಿಯೋಪೊರೋಸಿಸ್ ಬಂದವರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಮತ್ತು ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿದವರಲ್ಲಿ ವಿಶೇಷವಾಗಿ, ಆ ಜಾಲರಿ ತೆಳುವಾಗಿರುತ್ತದೆ. ಸ್ಕ್ರೂ ಪ್ರತಿ ಹೆಜ್ಜೆಗೂ ಕೂದಲೆಳೆಯಷ್ಟು ಅಲುಗಾಡಿ, ಸುತ್ತಲಿನ ಮೂಳೆಯನ್ನು ತಿಂದು, ಎಕ್ಸ್‌ರೇಯಲ್ಲಿ ತನ್ನ ಸುತ್ತ ಕಪ್ಪು ಗೆರೆಯೊಂದನ್ನು ಬರೆಯುತ್ತದೆ. ಅದರ ಹೊರಗೆ ಬಿಳಿ ಗೆರೆಯೂ ಕಂಡರೆ ಸ್ಕ್ರೂ ಸಡಿಲವಾಗಿ ಬಹಳ ದಿನವಾಗಿದೆ ಎಂದರ್ಥ. ಎರಡು ಮೂಳೆಗಳ ನಡುವೆ ಕೂರಿಸುವ ಕೇಜುಗಳೂ ಇಂಥ ಮೂಳೆಯಲ್ಲಿ ಕೆಳಗಿಳಿದು ಹೂತುಹೋಗುತ್ತವೆ. ಇಲ್ಲೊಂದು ಮೋಸವಿದೆ. ಮೂಳೆ ಸಾಂದ್ರತೆಯ ಸ್ಕ್ಯಾನ್ ಸೊಂಟದ ಮೇಲೆ ಮಾಡಿದರೆ, ಸವೆದ ಮೂಳೆಯ ಅಂಚಿನಲ್ಲಿ ಬೆಳೆದ ಗಡುಸಾದ ಮುಳ್ಳುಗಳು ಅಂಕಿಯನ್ನು ಸುಳ್ಳಾಗಿ ಮೇಲೇರಿಸುತ್ತವೆ. ಸೊಂಟನೋವಿನ ರೋಗಿಗಳಲ್ಲಿ ಅಂಥ ಮುಳ್ಳುಗಳು ಇದ್ದೇ ಇರುತ್ತವೆ. ಅದಕ್ಕೇ ತೊಡೆಯ ಕೀಲಿನ ಅಂಕಿಯನ್ನು ನೋಡಬೇಕು, ಅಥವಾ ಹೇಗೂ ತೆಗೆಸಿರುವ ಸಿಟಿ ಸ್ಕ್ಯಾನಿನಲ್ಲಿ ಮೂಳೆಯ ಒಳಭಾಗದ ಸಾಂದ್ರತೆಯನ್ನು ಅಳೆಯಬೇಕು. ಖರ್ಚಿಲ್ಲದ ಈ ಅಳತೆಯನ್ನು ಆಪರೇಷನ್ನಿಗೆ ಮೊದಲು ಮಾಡದೆ ಬಿಡುವುದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ.

ತಂಬಾಕಿನ ವಿಷಯದಲ್ಲಿ ಸಾಕ್ಷ್ಯ ಇನ್ನೂ ಸ್ಪಷ್ಟ. 1986ರಲ್ಲಿ ಬ್ರೌನ್ ಮತ್ತು ಸಂಗಡಿಗರು ಸೊಂಟದ ಫ್ಯೂಷನ್ ಆದವರನ್ನು ಹೋಲಿಸಿದಾಗ ಸಿಗರೇಟು ಸೇದುವವರಲ್ಲಿ 40 ಶೇಕಡ ಜನರಿಗೆ, ಸೇದದವರಲ್ಲಿ 8 ಶೇಕಡ ಜನರಿಗೆ ಮೂಳೆ ಕೂಡಿರಲಿಲ್ಲ. ಅದು ಸ್ಕ್ರೂಗಳಿಗೆ ಮುಂಚಿನ ಕಾಲ, ಈಗ ಹಾಗಿಲ್ಲ ಎನ್ನುವವರಿಗೆ 2000ದಲ್ಲಿ ಉತ್ತರ ಸಿಕ್ಕಿತು: ಸ್ಕ್ರೂ ಹಾಕಿದ 357 ರೋಗಿಗಳಲ್ಲಿ ಸೇದದವರಲ್ಲಿ ಸುಮಾರು 14 ಶೇಕಡ, ಆಪರೇಷನ್ ನಂತರವೂ ಸೇದಿದವರಲ್ಲಿ 26 ಶೇಕಡಕ್ಕೂ ಹೆಚ್ಚು ಜನರ ಮೂಳೆ ಕೂಡಿರಲಿಲ್ಲ, ಆಪರೇಷನ್ ಆದ ಮೇಲೆ ಆರು ತಿಂಗಳಿಗೂ ಹೆಚ್ಚು ಕಾಲ ಬಿಟ್ಟವರಲ್ಲಿ ಅದು ಸುಮಾರು 17ಕ್ಕೆ ಇಳಿದಿತ್ತು. ಲೋಹ ಅಂತರವನ್ನು ಕಡಿಮೆ ಮಾಡಿತು, ಅಳಿಸಲಿಲ್ಲ. ಬಿಟ್ಟದ್ದರಿಂದ ಲಾಭವಾಯಿತು ಎಂಬುದು ಈ ಅಂಕಿಗಳಲ್ಲಿರುವ ಆಶೆಯ ಮಾತು. ನಮ್ಮ ನಾಡಿನಲ್ಲಿ ಇದಕ್ಕೊಂದು ಮಾತು ಸೇರಿಸಬೇಕು. ಬೀಡಿ ಸಿಗರೇಟು ಸೇದುತ್ತೀರಾ ಎಂದು ಕೇಳಿದರೆ ಇಲ್ಲ ಎನ್ನುವ ಎಷ್ಟೋ ಹಿರಿಯರು, ಹೆಂಗಸರೂ ಸೇರಿ, ದಿನವೂ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು. ಮೂಳೆಗೆ ಹೊಸ ರಕ್ತನಾಳ ಬೆಳೆಯುವುದಕ್ಕೆ ಅಡ್ಡಿಮಾಡುವ ನಿಕೋಟಿನ್ ಹೊಗೆಯಿಂದ ಬಂದರೂ ದವಡೆಯಿಂದ ಬಂದರೂ ಸೇರುವುದು ಅದೇ ರಕ್ತಕ್ಕೆ. ಪ್ರಶ್ನೆಯನ್ನು ನಮ್ಮ ರೂಢಿಗೆ ತಕ್ಕಂತೆ ಕೇಳದಿದ್ದರೆ ಉತ್ತರವೂ ಸರಿಯಾಗಿ ಸಿಗುವುದಿಲ್ಲ.

ಸೋಂಕಿನದು ಬೇರೆ ದಾರಿ. ಲೋಹದ ಮೈಮೇಲೆ ರೋಗಾಣುಗಳು ಅಂಟಿನ ಪೊರೆ ಕಟ್ಟಿಕೊಂಡು ಅದರಡಿ ಅಡಗುತ್ತವೆ. ಅಲ್ಲಿಗೆ ಔಷಧಿಯೂ ದೇಹದ ರಕ್ಷಣೆಯೂ ಸರಿಯಾಗಿ ತಲುಪುವುದಿಲ್ಲ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಬೆನ್ನಿನ ಮೇಲೆ ದಪ್ಪ ಕೊಬ್ಬಿನ ಪದರ, ಹಿಂದೆ ಅದೇ ಜಾಗದಲ್ಲಿ ಆದ ಆಪರೇಷನ್, ದೀರ್ಘವಾದ ಆಪರೇಷನ್ ಇವೆಲ್ಲ ಅಪಾಯವನ್ನು ಏರಿಸುತ್ತವೆ. ಜ್ವರ, ಕೀವು ಕಂಡರೆ ಗೊತ್ತಾಗುತ್ತದೆ. ಗೊತ್ತಾಗದ ಬಗೆಯೂ ಇದೆ. ಚರ್ಮದ ಮೇಲೆ ಸಾಧುವಾಗಿ ಬದುಕುವ ಕೆಲವು ರೋಗಾಣುಗಳು ಒಳಸೇರಿ, ಕೀವು ಮಾಡದೆ, ಸ್ಕ್ರೂವಿನ ಹಿಡಿತವನ್ನು ತಿಂಗಳುಗಟ್ಟಲೆ ಸಡಿಲಿಸುತ್ತಾ ಹೋಗುತ್ತವೆ. ಕಳಪೆ ಸ್ಕ್ರೂ ಎಂದು ದೂಷಣೆಗೆ ಗುರಿಯಾದ ಕೆಲವು ಸ್ಕ್ರೂಗಳು ಇಂಥವೇ ಆಗಿರುತ್ತವೆ. ತೆಗೆದ ಲೋಹವನ್ನು ಪ್ರಯೋಗಾಲಯಕ್ಕೆ ಕಳಿಸದೆ ಎಸೆದರೆ ಇದು ಎಂದೂ ತಿಳಿಯುವುದಿಲ್ಲ.

ಇನ್ನು ವೈದ್ಯರ ನಿರ್ಧಾರಕ್ಕೆ ಸೇರಿದವು. ಬೆಸೆಯುವ ಮೂಳೆಗಳ ಸಂಖ್ಯೆ ಏರಿದಷ್ಟೂ ಅಪಾಯ ಏರುತ್ತದೆ. ಉದ್ದನೆಯ ಫ್ಯೂಷನ್ನಿನ ಕೆಳ ತುದಿ ಬಂದು ನಿಲ್ಲುವ ತ್ರಿಕಾಸ್ಥಿಯ ಮೂಳೆ ಮೆದು, ಅಲ್ಲಿಗೆ ಬೀಳುವ ಭಾರವೋ ಬಹಳ. ಮೊದಲು ಸಡಿಲವಾಗುವ ಸ್ಕ್ರೂಗಳಲ್ಲಿ ಅಲ್ಲಿಯವು ಸೇರಿರುತ್ತವೆ. ಅದಕ್ಕೇ ಹಿಡಿತವನ್ನು ಸೊಂಟದೆಲುಬಿನವರೆಗೆ ಒಯ್ಯುವ ವಿಧಾನ ಟೆಕ್ಸಾಸಿನ ಗ್ಯಾಲ್ವೆಸ್ಟನ್ನಿನಲ್ಲಿ 1980ರ ದಶಕದ ಆರಂಭದಲ್ಲಿ ಹುಟ್ಟಿತು. ಚಪ್ಪಟೆ ಬೆನ್ನಿನ ಪಾಠವನ್ನು ಅಂಕಿಗೆ ಇಳಿಸಿದವರು ಫ್ರಾನ್ಸಿನ ಜಿನೆಟ್ ಡ್ಯೂವಾಲ್-ಬೋಪೇರ್. ಪ್ರತಿ ಮನುಷ್ಯನ ಸೊಂಟದೆಲುಬಿಗೂ ಅವನದೇ ಕೋನವಿದೆ, ಸೊಂಟದ ಬಾಗು ಅದಕ್ಕೆ ಹೊಂದಬೇಕು ಎಂದು ಅವರ ಬಳಗ ತೋರಿಸಿತು. ಆ ಹೊಂದಿಕೆ ತಪ್ಪಿ ದೇಹ ಮುಂದಕ್ಕೆ ವಾಲಿದರೆ ಭಾರವೆಲ್ಲ ರಾಡಿನ ಮೇಲೆ. ಮೂಳೆಯ ತುಂಡನ್ನು ಕತ್ತರಿಸಿ ಬಾಗನ್ನು ಮರಳಿ ಕೊಡುವ ದೊಡ್ಡ ಆಪರೇಷನ್ನುಗಳಲ್ಲಿ ರಾಡು ಮುರಿತ ಉಳಿದವುಗಳಿಗಿಂತ ಬಹಳ ಹೆಚ್ಚು. ಎಲ್ಲ ಸರಿಯಾಗಿ ಕೂಡಿದರೂ, ಬಿಗಿಯಾದ ಭಾಗದ ಮೇಲಿನ ಅಥವಾ ಕೆಳಗಿನ ಕೀಲು ಸವೆದು ಹೊಸ ತೊಂದರೆ ಬರುವುದು ಬೇರೆ: 2004ರ ಒಂದು ಅಧ್ಯಯನದಲ್ಲಿ ಹತ್ತು ವರ್ಷದ ಹೊತ್ತಿಗೆ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಅಂಥ ಸವೆತ ಚಿಕಿತ್ಸೆ ಬೇಡುವ ಮಟ್ಟಕ್ಕೆ ಬಂದೀತೆಂಬ ಅಂದಾಜು ಸಿಕ್ಕಿತು.

ಇಷ್ಟೆಲ್ಲ ಹೇಳಿದರೆ ಗಂಭೀರವಾದ ಒಂದು ಆಕ್ಷೇಪಣೆ ಬರುತ್ತದೆ: ಇದು ತಪ್ಪನ್ನೆಲ್ಲ ರೋಗಿಯ ತಲೆಗೆ ಕಟ್ಟುವ ಮಾತಲ್ಲವೇ? ನಿನ್ನ ಮೂಳೆ ಸರಿಯಿಲ್ಲ, ನಿನ್ನ ಸಕ್ಕರೆ ಹೆಚ್ಚು, ನಿನ್ನ ಚಟ ಕೆಟ್ಟದು ಎಂದು ಹೇಳಿ ವೈದ್ಯರೂ ಕಂಪನಿಗಳೂ ಕೈ ತೊಳೆದುಕೊಳ್ಳಬಹುದಲ್ಲವೇ? ಆ ಭಯ ಸುಳ್ಳಲ್ಲ, ಅಪಾಯದ ಪಟ್ಟಿಯನ್ನು ಹಾಗೆ ಬಳಸಿದ್ದೂ ಉಂಟು. ಆದರೆ ತರ್ಕ ನಡೆಯುವುದು ಎದುರು ದಿಕ್ಕಿಗೆ. ಮೂಳೆ ಟೊಳ್ಳಾಗಿರುವುದು ಹೆಂಗಸಿನ ತಪ್ಪಲ್ಲ. ಅದನ್ನು ಅಳೆಯದೆ ಸ್ಕ್ರೂ ಹಾಕಿದ್ದು ಹಾಕಿದವರ ತಪ್ಪು. ಸೊಂಟದ ಆಪರೇಷನ್ನುಗಳಲ್ಲಿ ಬಹುಪಾಲು ತುರ್ತಿನವಲ್ಲ. ಮಲಮೂತ್ರದ ಹಿಡಿತ ತಪ್ಪಿದಾಗ, ಕಾಲಿನ ಬಲ ಇಳಿಯುತ್ತಾ ಹೋದಾಗ, ಅಪಘಾತದಲ್ಲಿ ಬೆನ್ನು ಮುರಿದಾಗ ಕಾಯುವಂತಿಲ್ಲ. ಉಳಿದವರಿಗೆ ಮೂರು ನಾಲ್ಕು ತಿಂಗಳ ಸಮಯ ಇರುತ್ತದೆ. ಆ ಸಮಯದಲ್ಲಿ ಮೂಳೆ ಬೆಳೆಸುವ ಔಷಧಿ ಶುರು ಮಾಡಬಹುದು, ವಿಟಮಿನ್ ಡಿ ತುಂಬಬಹುದು, ಸಕ್ಕರೆ ಇಳಿಸಬಹುದು, ಹೊಗೆಸೊಪ್ಪು ಬಿಡಿಸಬಹುದು. ಮುಂಚಿತವಾಗಿ ಗೊತ್ತಿರುವ ಅಪಾಯ ವೈದ್ಯರ ಹೊಣೆಯನ್ನು ಹೆಚ್ಚಿಸುತ್ತದೆ.

ಹೊಣೆಯ ಮೊದಲ ಪ್ರಶ್ನೆ ಆಪರೇಷನ್ ಬೇಕೇ ಎಂಬುದು. ಬ್ರಿಟನ್ನಿನಲ್ಲಿ ದೀರ್ಘಕಾಲದ ಸೊಂಟನೋವಿನ 349 ಜನರನ್ನು ಫ್ಯೂಷನ್ ಮತ್ತು ತೀವ್ರ ವ್ಯಾಯಾಮ ತರಬೇತಿ ಎಂದು ಎರಡಾಗಿಸಿ ನೋಡಿದ 2005ರ ವರದಿಯಲ್ಲಿ ಎರಡರ ನಡುವಿನ ಅಂತರ ತೀರ ಸಣ್ಣದು. ನರದ ಓಣಿ ಕಿರಿದಾದ 247 ಸ್ವೀಡನ್ ರೋಗಿಗಳಲ್ಲಿ, ಒತ್ತಡ ಬಿಡಿಸುವುದರ ಜೊತೆಗೆ ಫ್ಯೂಷನ್ ಸೇರಿಸಿದ್ದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ ಎಂದು 2016ರಲ್ಲಿ ತಿಳಿಯಿತು. ಮೂಳೆ ಜಾರಿ ಅಲುಗಾಡುವವರಿಗೆ, ಮುರಿದವರಿಗೆ, ಬೆನ್ನು ತಿರುಚಿದವರಿಗೆ ಫ್ಯೂಷನ್ ನಿಜವಾಗಿ ಬಾಳು ಕೊಡುತ್ತದೆ, ಅದರಲ್ಲಿ ಸಂಶಯವಿಲ್ಲ. ಬರಿಯ ಸೊಂಟನೋವಿಗೆ, ಸ್ಕ್ಯಾನಿನಲ್ಲಿ ಡಿಸ್ಕ್ ಕಪ್ಪಾಗಿ ಕಂಡಿತು ಎಂಬ ಕಾರಣಕ್ಕೆ ಬೆಸೆಯುವುದನ್ನು ಈ ಸಾಕ್ಷ್ಯಗಳು ಬೆಂಬಲಿಸುವುದಿಲ್ಲ.

ಸಾಮಾನಿನ ಮೇಲಿನ ಅನುಮಾನವನ್ನು ಪರೀಕ್ಷಿಸುವ ದಾರಿಯೂ ಇರಬೇಕು. ಸ್ವೀಡನ್ 1990ರ ದಶಕದಿಂದ ಬೆನ್ನುಮೂಳೆ ಆಪರೇಷನ್ನುಗಳ ರಾಷ್ಟ್ರೀಯ ದಾಖಲೆ ಇಟ್ಟು, ರೋಗಿಗಳನ್ನೇ ಕೇಳಿ ಫಲಿತಾಂಶ ಬರೆದುಕೊಳ್ಳುತ್ತಿದೆ. ಭಾರತದಲ್ಲಿ ಮೂಳೆ ಇಂಪ್ಲಾಂಟುಗಳು 2005ರಲ್ಲಿ ಔಷಧ ಕಾನೂನಿನಡಿ ಬಂದವು, ವೈದ್ಯಕೀಯ ಸಾಧನಗಳ ತೊಂದರೆ ವರದಿ ಮಾಡುವ ರಾಷ್ಟ್ರೀಯ ಕಾರ್ಯಕ್ರಮ 2015ರಲ್ಲಿ ಶುರುವಾಯಿತು, 2017ರ ಸಾಧನ ನಿಯಮಗಳು 2018ರ ಜನವರಿ 1ರಿಂದ ಜಾರಿಯಲ್ಲಿವೆ. ಆದರೆ ಹಾಕಿದ ಪ್ರತಿ ಸ್ಕ್ರೂವಿನ ಗತಿಯನ್ನು ಹಿಂಬಾಲಿಸುವ ಕಡ್ಡಾಯ ದಾಖಲೆ ನಮ್ಮಲ್ಲಿಲ್ಲ. ಅದು ಬರುವ ತನಕ ಆ ದಾಖಲೆಯ ಒಂದು ಪ್ರತಿಯನ್ನು ರೋಗಿಯೇ ಇಟ್ಟುಕೊಳ್ಳಬೇಕು. ಸೊಂಟಕ್ಕೆ ಸ್ಕ್ರೂ ಹಾಕಬೇಕು ಎಂದು ಯಾರಾದರೂ ಹೇಳಿದರೆ, ತುರ್ತಿಲ್ಲದಿದ್ದಲ್ಲಿ, ಮೂಳೆ ಸಾಂದ್ರತೆ, ವಿಟಮಿನ್ ಡಿ ಮತ್ತು ಮೂರು ತಿಂಗಳ ಸಕ್ಕರೆ ಪರೀಕ್ಷೆಗಳನ್ನು ಮೊದಲು ಕೇಳಿ. ಹೊಗೆಸೊಪ್ಪು ಹಾಕುತ್ತಿದ್ದರೆ ಮರೆಮಾಚದೆ ಹೇಳಿ. ಎಷ್ಟು ಮೂಳೆಗಳನ್ನು, ಯಾವ ಕಾರಣಕ್ಕೆ ಬೆಸೆಯುತ್ತೀರಿ ಎಂದು ವಿಚಾರಿಸಿ. ಇಂಪ್ಲಾಂಟಿನ ಪೊಟ್ಟಣದ ಮೇಲಿನ ಲೇಬಲ್ಲುಗಳನ್ನೂ ಆಪರೇಷನ್ ಟಿಪ್ಪಣಿಯನ್ನೂ ಪಡೆದು ಜೋಪಾನ ಮಾಡಿ.